ಮಳೆ ಬಿಟ್ಟ ಮೇಲಿನ ಹಿತ್ತಲ ತರಕಾರಿ ಮತ್ತು ಹುಳುಗಳ ಕಾಟ



ಭೂಮಿ ಹುಣ್ಣಿಮೆ ಕಳೆದು ಮಳೆ ಹಿಂದೆ ಸರಿಯುತ್ತಲೇ ನಮ್ಮ ಮನೆಗಳ ಹಿತ್ತಲಲ್ಲಿ ಗುದ್ದಲಿಯ ಸದ್ದು ಕೇಳತೊಡಗುತ್ತದೆ. ಅಡಿಕೆ ಕೊಯ್ಲು ಇನ್ನೂ ಭರಾಟೆಗೆ ಬಂದಿರುವುದಿಲ್ಲ. ಕಾಫಿ ಹಣ್ಣಾಗಲು ದಿನಗಳಿರುತ್ತವೆ. ಈ ನಡುವಿನ ಬಿಡುವಿನಲ್ಲಿ ಮಡಿ ಮಾಡಿ ಬದನೆ, ಮೆಣಸಿನಕಾಯಿ, ಟೊಮೆಟೊ ಸಸಿ ನೆಡುವುದು, ಬೆಂಡೆ, ಅಲಸಂದೆ, ಹೀರೆ, ಮೊಗೆಕಾಯಿ ಬೀಜ ಊರುವುದು, ಅನುಕೂಲವಿದ್ದವರು ಎಲೆಕೋಸು, ನವಿಲುಕೋಸುಗಳನ್ನೂ ಹಾಕುವುದು ವಾಡಿಕೆ. ಈ ಬೆಳೆಗೆ ತೋಟದ ಲೆಕ್ಕದ ಪುಸ್ತಕದಲ್ಲಿ ಪುಟವಿಲ್ಲ. ಆದರೂ ಕಾರ್ತಿಕದಿಂದ ಶಿವರಾತ್ರಿಯವರೆಗೆ ಮನೆಮಂದಿಯ ಊಟದೆಲೆಗೆ ಬೀಳುವುದು ಇದೇ ಬೆಳೆ.

ಹುಳು ಕಾಣಿಸಿಕೊಂಡಾಗ ಸಂಘದ ಕಚೇರಿಗೆ ಬರುವ ಸದಸ್ಯರು ಕೇಳುವ ಪ್ರಶ್ನೆ ಒಂದೇ: "ಯಾವ ಔಷಧಿ ಹೊಡೆಯಲಿ?" ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಇದು ಯಾವ ಹುಳು, ಈಗ ಯಾವ ಹಂತದಲ್ಲಿದೆ?" ಎಂಬುದು. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಹತ್ತರಲ್ಲಿ ಎಂಟು ಸಲ ಮೊದಲನೆಯ ಪ್ರಶ್ನೆಯೇ ಬೇಕಾಗುವುದಿಲ್ಲ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತೋಟದ ಪದ್ಧತಿ ಹಿತ್ತಲಿಗೆ ಸಲ್ಲದು

ನಾವು ತೋಟಗಾರರು ಪಂಚಾಂಗ ನೋಡಿ ಔಷಧಿ ಹೊಡೆಯುವವರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಸಿಂಪಡಿಸಬೇಕೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಶತಮಾನದ ಹಿಂದೆಯೇ ತೋರಿಸಿಕೊಟ್ಟರು. ಅಲ್ಲಿ ರೋಗ ಬಂದ ಮೇಲೆ ಎಚ್ಚರಗೊಂಡರೆ ಪ್ರಯೋಜನವಿಲ್ಲ. ಮುಂಚಿತವಾಗಿ ಹೊಡೆಯುವುದೇ ಸರಿ. ಆದರೆ ಇದೇ ಅಭ್ಯಾಸವನ್ನು ತರಕಾರಿ ಮಡಿಗೂ ತಂದರೆ ಎರಡು ರೀತಿಯಲ್ಲಿ ತಪ್ಪಾಗುತ್ತದೆ.

ಮೊದಲನೆಯದು, ಬೋರ್ಡೋ ದ್ರಾವಣ ಶಿಲೀಂಧ್ರಕ್ಕೆ ಔಷಧಿಯೇ ಹೊರತು ಹುಳುವಿಗಲ್ಲ. ಡ್ರಮ್ಮಿನಲ್ಲಿ ಉಳಿದದ್ದನ್ನು "ಹಾಳಾಗುವುದು ಬೇಡ" ಎಂದು ಬದನೆ, ಸೌತೆಗಳ ಮೇಲೆ ಸುರಿದರೆ ಹುಳುವಿಗೆ ಏನೂ ಆಗದು, ಎಳೆಯ ಎಲೆ ಮಾತ್ರ ಸುಟ್ಟೀತು.

ಎರಡನೆಯದು ಹೆಚ್ಚು ಮುಖ್ಯವಾದದ್ದು. ಅಡಿಕೆಗೆ ಹೊಡೆದ ಔಷಧಿ ಸಿಪ್ಪೆಯ ಮೇಲೆ ಬೀಳುತ್ತದೆ. ಆ ಸಿಪ್ಪೆಯನ್ನು ಸುಲಿದು ಎಸೆಯುತ್ತೇವೆ. ಕಾಫಿಯ ಬೀಜಕ್ಕೆ ತಿರುಳಿನ ಹೊದಿಕೆಯುಂಟು, ಹೊಟ್ಟುಂಟು. ಅದು ಒಣಗಿ, ಹುರಿದು, ಪುಡಿಯಾಗಿ ಲೋಟಕ್ಕೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಬೆಂಡೆಕಾಯಿಯ ಮಾತು ಹಾಗಲ್ಲ. ಇಂದು ಔಷಧಿ ಬಿದ್ದ ಮಿಡಿ ಎರಡು ಮೂರು ದಿನದಲ್ಲಿ ಕೊಯ್ಲಿಗೆ ಬರುತ್ತದೆ, ಅಂದೇ ಸಂಜೆ ಸಾರಿನ ಪಾತ್ರೆಗೆ ಬೀಳುತ್ತದೆ. ಹರಿವೆ, ಕೊತ್ತಂಬರಿಗಳಂತೂ ಔಷಧಿ ಬಿದ್ದ ಎಲೆಯೇ ಆಹಾರ. ಹಿತ್ತಲ ಮಡಿಗೂ ಅಡುಗೆಮನೆಗೂ ನಡುವೆ ಸಿಪ್ಪೆಯ ರಕ್ಷಣೆಯೂ ಇಲ್ಲ, ಕಾಲದ ರಕ್ಷಣೆಯೂ ಇಲ್ಲ.

ಒಂದೇ ಹುಣ್ಣಿಮೆ, ಎರಡು ಸೀಮೆ

ನಾವು ಭೂಮಿ ಹುಣ್ಣಿಮೆ ಎನ್ನುವ ಆಶ್ವಯುಜ ಪೌರ್ಣಮಿಯನ್ನು ಗದಗ ಜಿಲ್ಲೆಯ ರೋಣ, ಗಜೇಂದ್ರಗಡ, ಲಕ್ಕಲಕಟ್ಟಿ ಕಡೆಯವರು ಶೀಗಿ ಹುಣ್ಣಿಮೆ ಎನ್ನುತ್ತಾರೆ. ಬಸುರಿ ಭೂಮಿತಾಯಿಗೆ ನಾವು ಬಯಕೆಯ ಅಡುಗೆ ಬಡಿಸಿ ಗದ್ದೆ ತೋಟಗಳಿಗೆ ಹಚ್ಚಂಬಲಿ ಬೀರುವಂತೆ ಅವರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಇಳಿಯುತ್ತವೆ. ಇಳಿದ ಹಕ್ಕಿ ಅನ್ನ ತಿಂದು ಸುಮ್ಮನಿರದೆ ಪೈರಿನ ಮೇಲಿನ ಹುಳುವನ್ನೂ ಹೆಕ್ಕುತ್ತದೆ. ಹಿಂಗಾರಿ ಕಡಲೆಗೆ ಕಾಯಿಕೊರಕದ ಕಾಟವಿರುವ ಆ ಸೀಮೆಯಲ್ಲಿ ಹೊಲದೊಳಗೆ ಅಲ್ಲಲ್ಲಿ ಕವಲು ಕೋಲು ನೆಟ್ಟು ಹಕ್ಕಿ ಕೂರಲು ಅನುಕೂಲ ಮಾಡಬೇಕೆಂದು ಕೃಷಿ ವಿಜ್ಞಾನಿಗಳು ಇಂದಿಗೂ ಶಿಫಾರಸು ಮಾಡುತ್ತಾರೆ. ಹಿರಿಯರ ಆಚರಣೆಯೂ ವಿಜ್ಞಾನದ ಸಲಹೆಯೂ ಇಲ್ಲಿ ಒಂದೇ ದಾರಿ ಹಿಡಿದಿವೆ. ಕಾಜಾಣ, ಪಿಕಳಾರಗಳಿಗೆ ಬರವಿಲ್ಲದ ನಮ್ಮ ಹಿತ್ತಲಲ್ಲಿಯೂ ಎಲೆಕೋಸಿನ ಮಡಿಯ ನಡುವೆ ಎರಡು ಕವಲು ಕೋಲು ಊರುವುದಕ್ಕೆ ಖರ್ಚೇನೂ ಇಲ್ಲ.

ಆದರೆ ಬಯಲುಸೀಮೆಯ ಎಲ್ಲ ಕ್ರಮಗಳನ್ನೂ ಹಾಗೆಯೇ ಎತ್ತಿ ತರಲಾಗದು. ಲಕ್ಕಲಕಟ್ಟಿಯ ಸುತ್ತಿನ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಮಲೆನಾಡಿನ ನಮಗೆ ಅದರ ನಾಲ್ಕೈದು ಪಟ್ಟು. ಒಣ ಹವೆಯಲ್ಲಿ ರಸ ಹೀರುವ ಥ್ರಿಪ್ಸ್, ಮೈಟ್, ಬಿಳಿನೊಣಗಳದೇ ದರ್ಬಾರು. ನಮ್ಮಲ್ಲಿ ಮಳೆ ಬಿಟ್ಟ ಮೊದಲ ತಿಂಗಳು ನೆಲ ಒದ್ದೆಯಾಗಿದ್ದು ಬಸವನಹುಳು, ಕತ್ತರಿಹುಳು, ಎಲೆ ತಿನ್ನುವ ಹುಳುಗಳ ಕಾಲ. ಸಂಕ್ರಾಂತಿಯ ಹೊತ್ತಿಗೆ ನೆಲ ಆರಿ ಹವೆ ಒಣಗಿದಾಗ ಮಾತ್ರ ಬಯಲುಸೀಮೆಯ ಕೀಟಗಳು ಇಲ್ಲಿ ತಲೆಯೆತ್ತುತ್ತವೆ. ಅಂದರೆ ಒಂದೇ ಬೆಳೆಯ ಅವಧಿಯಲ್ಲಿ ನಾವು ಎರಡು ಸೀಮೆಯ ಹುಳುಗಳನ್ನು ಕಾಣುತ್ತೇವೆ. ಆದ್ದರಿಂದ ಔಷಧಿಗಿಂತ ಮೊದಲು ಕಣ್ಣು ಬೇಕು.

ನೋಡುವ ಕ್ರಮ

ವಾರಕ್ಕೆ ಎರಡು ಸಲ, ಬಿಸಿಲೇರುವ ಮುನ್ನ, ಮಡಿಯ ಸಾಲಿನಲ್ಲಿ ನಡೆಯತಕ್ಕದ್ದು. ಪ್ರತಿ ಜಾತಿಯ ನಾಲ್ಕೈದು ಗಿಡಗಳ ಎಲೆಯ ಅಡಿಭಾಗವನ್ನು ಮಗುಚಿ ನೋಡಬೇಕು; ಹೆಚ್ಚಿನ ಹುಳುಗಳ ಮೊಟ್ಟೆ ಅಲ್ಲಿರುತ್ತದೆ. ಹದಿನೈದು ದಿನಕ್ಕೊಮ್ಮೆ ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋಗಬೇಕು. ಹಗಲು ಅಡಗಿರುವ ಕಳ್ಳರು ಆಗ ಸಿಕ್ಕುತ್ತಾರೆ. ಗುರುತುಗಳನ್ನು ಸಂಕ್ಷೇಪವಾಗಿ ಹೀಗೆ ನೆನಪಿಡಬಹುದು:

1. ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದ್ದರೆ ಕತ್ತರಿಹುಳು.
2. ಎಲೆ ತೂತಾಗಿ, ಹೊಳೆಯುವ ಅಂಟಿನ ಜಾಡು ಕಂಡರೆ ಬಸವನಹುಳು.
3. ಎಲೆ ಮುದುಡಿ, ಅಂಟಂಟಾಗಿ, ಇರುವೆ ಓಡಾಡುತ್ತಿದ್ದರೆ ಸಸ್ಯಹೇನು ಅಥವಾ ಹಿಟ್ಟುತಿಗಣೆ.
4. ಕುಡಿ ಮಾತ್ರ ಬಾಡಿ ಜೋತುಬಿದ್ದಿದ್ದರೆ ಕುಡಿಕೊರಕ.
5. ಎಲೆಯ ಮೇಲೆ ಬಿಳಿ ಗೆರೆ ಹಾವಿನಂತೆ ಹರಿದಿದ್ದರೆ ರಂಗೋಲಿ ಹುಳು. ಇದು ನೋಡಲು ಭಯವೆನಿಸಿದರೂ ಬೆಳೆದ ಗಿಡಕ್ಕೆ ಹೆಚ್ಚಿನ ಹಾನಿಯಿಲ್ಲ. ಗೆರೆಯಿರುವ ಎಲೆ ಚಿವುಟಿದರೆ ಸಾಕು.
6. ಇಡೀ ಗಿಡ ಹಸಿರಾಗಿದ್ದಂತೆಯೇ ಹಠಾತ್ತನೆ ಬಾಡಿದರೆ ಹುಳುವಿನ ಕೆಲಸವಲ್ಲದೆ ಇರಬಹುದು.

ಈ ಆರನೆಯದನ್ನು ಪರೀಕ್ಷಿಸುವುದು ಸುಲಭ. ಬಾಡಿದ ಬದನೆ, ಟೊಮೆಟೊ ಅಥವಾ ಮೆಣಸಿನ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂಥದು ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ. ನಮ್ಮ ಹುಳಿ ಮಣ್ಣಿನಲ್ಲಿ ಇದು ಸಾಮಾನ್ಯ. ಇದಕ್ಕೆ ಯಾವ ಕೀಟನಾಶಕವೂ ನಾಟದು. ಗಿಡವನ್ನು ಬೇರುಸಹಿತ ಕಿತ್ತು ಸುಡುವುದು, ಆ ಮಡಿಯಲ್ಲಿ ಎರಡು ಮೂರು ವರ್ಷ ಬದನೆ ಜಾತಿಯ ಗಿಡ ಹಾಕದೆ ಜೋಳ, ಅಲಸಂದೆ ಹಾಕುವುದು, ಇವೇ ಉಪಾಯ.

ಒದ್ದೆ ನೆಲದ ಶತ್ರುಗಳು

ಕತ್ತರಿಹುಳು ಹಗಲು ಮಣ್ಣಿನಲ್ಲಿ ಸುರುಳಿಸುತ್ತಿ ಮಲಗಿರುತ್ತದೆ. ಬಿದ್ದ ಸಸಿಯ ಸುತ್ತ ಎರಡು ಬೆರಳು ಆಳ ಮಣ್ಣು ಕೆದಕಿದರೆ ಕೈಗೆ ಸಿಗುತ್ತದೆ. ನೆಡುವಾಗಲೇ ಅಡಿಕೆ ಹಾಳೆಯ ಪಟ್ಟಿಯನ್ನು ಬಳೆಯಂತೆ ಸುತ್ತಿ ಸಸಿಯ ಬುಡಕ್ಕೆ ತೊಡಿಸಿ, ಅರ್ಧ ಮಣ್ಣಿನೊಳಗೆ, ಅರ್ಧ ಮೇಲಕ್ಕೆ ಇರುವಂತೆ ಒತ್ತಿದರೆ ಹುಳು ಕಾಂಡಕ್ಕೆ ತಲುಪಲಾರದು. ಹಾಳೆ ನಮ್ಮಲ್ಲಿ ಬೇಕಾದಷ್ಟಿದೆ.

ಬಸವನಹುಳುಗಳಲ್ಲಿ ದೊಡ್ಡ ಪೀಡೆ ಆಫ್ರಿಕದ ದೈತ್ಯ ಶಂಖದಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಈ ಜೀವಿ ಇಂದು ದೇಶದ ನಾನಾ ಭಾಗಗಳಲ್ಲಿ ಹರಡಿದೆ. ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ತೋಟಗಳವರು ಇದರ ಕಾಟವನ್ನು ಚೆನ್ನಾಗಿ ಬಲ್ಲರು. ಸಂಜೆ ಮಡಿಯ ಅಂಚಿನಲ್ಲಿ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಪಪ್ಪಾಯದ ಎಲೆ ಅಥವಾ ಕೋಸಿನ ಎಲೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಸೇರಿರುತ್ತವೆ. ಅವನ್ನು ಆರಿಸಿ ಗಟ್ಟಿ ಉಪ್ಪುನೀರಿಗೆ ಹಾಕಿ ಕೊಂದು, ಹೊಂಡದಲ್ಲಿ ಹೂಳಬೇಕು. ಉಪ್ಪನ್ನು ಮಡಿಯ ಮೇಲೆ ಎರಚಕೂಡದು, ಮಣ್ಣು ಕೆಡುತ್ತದೆ. ಬರಿಗೈಯಲ್ಲಿ ಮುಟ್ಟಕೂಡದು, ಮನುಷ್ಯರಿಗೆ ರೋಗ ತರಬಲ್ಲ ಪರೋಪಜೀವಿಗಳು ಅದರಲ್ಲಿರುತ್ತವೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಹರಳು ನಾಯಿಗಳಿಗೆ ವಿಷ. ಸಾಕುಪ್ರಾಣಿ ಓಡಾಡುವ ಹಿತ್ತಲಲ್ಲಿ ಅದನ್ನು ಚೆಲ್ಲದಿರುವುದು ಲೇಸು.

ಕೋಸು ಮತ್ತು ಟೊಮೆಟೊ: ಪಕ್ಕದ ಬೆಳೆಯ ಉಪಾಯ

ಎಲೆಕೋಸಿನ ಮುಖ್ಯ ಶತ್ರು ವಜ್ರಬೆನ್ನಿನ ಪತಂಗ. ಇದರ ಸಣ್ಣ ಹಸಿರು ಮರಿಯನ್ನು ಬೆರಳಿನಿಂದ ಮುಟ್ಟಿದರೆ ಚಡಪಡಿಸಿ ನೂಲು ಬಿಟ್ಟು ಜೋತುಬೀಳುತ್ತದೆ. ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಇದನ್ನು ಮೀರಿಸುವ ಹುಳು ವಿರಳ. 1950ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಿ.ಡಿ.ಟಿ.ಗೆ ಜಗ್ಗದಾಯಿತು, 1990ರ ವೇಳೆಗೆ ಹವಾಯಿಯಲ್ಲಿ ಬಿ.ಟಿ. ಎಂಬ ಜೈವಿಕ ಪುಡಿಗೂ ಜಗ್ಗದ ತಳಿ ಹೊಲದಲ್ಲಿಯೇ ಕಂಡುಬಂತು. ಅಂದಮೇಲೆ ಒಂದೇ ಔಷಧಿಯನ್ನು ಪದೇ ಪದೇ ಹೊಡೆಯುವುದೆಂದರೆ ಹುಳುವಿಗೆ ಪಾಠ ಹೇಳಿಕೊಟ್ಟಂತೆ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೆ ಸಾಸಿವೆಯನ್ನು ಬಲೆಯಾಗಿ ಬಳಸುವ ಕ್ರಮವನ್ನು ರೂಪಿಸಿದ್ದಾರೆ. ಪತಂಗಕ್ಕೆ ಕೋಸಿಗಿಂತ ಸಾಸಿವೆಯ ಮೇಲೆ ಹೆಚ್ಚು ಮೋಹ. 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ, ಅದರಲ್ಲಿ ಒಂದು ಸಾಲನ್ನು ಕೋಸು ನೆಡುವ 15 ದಿನ ಮೊದಲು, ಇನ್ನೊಂದನ್ನು ನೆಟ್ಟ 25 ದಿನದ ನಂತರ ಬಿತ್ತಬೇಕೆಂಬುದು ಅವರ ಶಿಫಾರಸು. ಹಿತ್ತಲ ಮಡಿಗೆ ಎರಡು ಅಂಚಿನಲ್ಲಿ ಸಾಸಿವೆ ಎರಚಿದರೆ ಸಾಕು. ಆದರೆ ಹುಳು ತುಂಬಿದ ಸಾಸಿವೆಯನ್ನು ಹಾಗೆಯೇ ಬಿಟ್ಟರೆ ಅದು ಬಲೆಯಾಗುವ ಬದಲು ತೊಟ್ಟಿಲಾದೀತು. ಅದಕ್ಕೆ ಬೇವಿನ ಕಷಾಯ ಹೊಡೆಯಬೇಕು ಅಥವಾ ಕಿತ್ತು ಹೂಳಬೇಕು.

ಟೊಮೆಟೊ ಕಾಯಿಕೊರಕಕ್ಕೂ ಇಂಥದೇ ಕ್ರಮವುಂಟು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ನೆಡುವಾಗ ಚೆಂಡುಹೂವಿನ ಸಸಿಗೆ 40 ದಿನ, ಟೊಮೆಟೊ ಸಸಿಗೆ 25 ದಿನ ವಯಸ್ಸಾಗಿರಬೇಕು. ಎರಡೂ ಒಟ್ಟಿಗೆ ಹೂ ಬಿಡಲೆಂಬುದೇ ಈ ಲೆಕ್ಕದ ಉದ್ದೇಶ. ಚಿಟ್ಟೆ ಚೆಂಡುಹೂವಿನ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ, ಟೊಮೆಟೊ ಉಳಿಯುತ್ತದೆ. ಟೊಮೆಟೊ ಎಲೆಯಲ್ಲಿ ಗೆರೆಯಾಗಿರದೆ ಅಗಲವಾದ ಸುಟ್ಟ ಕಲೆಗಳು ಕಂಡು, ಬೆಳಕಿಗೆ ಹಿಡಿದಾಗ ಪೊರೆಯೊಳಗೆ ಹುಳು ಕಂಡರೆ, ಅದು ದಕ್ಷಿಣ ಅಮೆರಿಕ ಮೂಲದ ಟೂಟಾ ಊಜಿಪತಂಗ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2014ರಲ್ಲಿ. ಅಂಥ ಎಲೆಗಳನ್ನು ಕಂಡಕಂಡಂತೆ ಕಿತ್ತು ಸುಡಬೇಕು.

ಬದನೆ: ಹುಳು ಒಳಗೆ, ಔಷಧಿ ಹೊರಗೆ

ಬದನೆಯ ಕುಡಿ ಮತ್ತು ಕಾಯಿಕೊರಕದ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕುಡಿಯೊಳಗೋ ಕಾಯೊಳಗೋ ಸೇರಿಬಿಡುತ್ತದೆ. ಆಮೇಲೆ ಹೊರಗಿನಿಂದ ಏನು ಹೊಡೆದರೂ ಅದಕ್ಕೆ ತಾಗದು, ತಿನ್ನುವವರಿಗೆ ಮಾತ್ರ ತಾಗುತ್ತದೆ. ಬದನೆಯಷ್ಟು ಔಷಧಿ ಕುಡಿಯುವ ತರಕಾರಿ ಇನ್ನೊಂದಿಲ್ಲವೆನ್ನುವ ಮಾತು ಹುಟ್ಟಿದ್ದು ಹೀಗೆ. ಇದೇ ಹುಳುವಿಗಾಗಿ ಬಿ.ಟಿ. ಬದನೆಯನ್ನು ರೂಪಿಸಲಾಯಿತು, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೆಲವು ಸ್ಥಳೀಯ ತಳಿಗಳೊಂದಿಗೆ ಆ ಯೋಜನೆಯಲ್ಲಿ ಸೇರಿತ್ತು. ಬೆಂಗಳೂರೂ ಸೇರಿದಂತೆ ಹಲವು ಊರುಗಳಲ್ಲಿ ಸಾರ್ವಜನಿಕ ಅಹವಾಲು ನಡೆದು, 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಉಡುಪಿಯ ಮಟ್ಟುಗುಳ್ಳಕ್ಕೆ ಮರುವರ್ಷ, ಅಂದರೆ 2011ರಲ್ಲಿ, ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ನಮ್ಮ ಹತ್ತಿಪ್ಪತ್ತು ಗಿಡಗಳಿಗೆ ದೊಡ್ಡ ತಂತ್ರ ಬೇಡ. ನೆಟ್ಟ ಮೂರು ನಾಲ್ಕು ವಾರದಲ್ಲಿ ಜೋತುಬಿದ್ದ ಕುಡಿ ಕಾಣತೊಡಗುತ್ತದೆ. ಅದನ್ನು ಬಾಡಿದ ಭಾಗಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿಸಿ, ಅಲ್ಲೇ ಎಸೆಯದೆ ಒಲೆಗೆ ಹಾಕಬೇಕು. ತೂತುಬಿದ್ದ ಕಾಯಿಗಳನ್ನೂ ಗಿಡದಲ್ಲಿ ಬಿಡಕೂಡದು. ಕುಡಿಯಲ್ಲಿ ಬೆಳೆದ ಮೊದಲ ಪೀಳಿಗೆಯೇ ಮುಂದೆ ಕಾಯಿಗೆ ಬರುವುದರಿಂದ, ಈ ಮೊದಲ ತಿಂಗಳ ಕತ್ತರಿ ಕೆಲಸ ಮುಂದಿನ ಮೂರು ತಿಂಗಳ ಔಷಧಿಯನ್ನು ಉಳಿಸುತ್ತದೆ. ಗಂಡುಪತಂಗ ಹಿಡಿಯುವ ಲಿಂಗಾಕರ್ಷಕ ಬಲೆ ಸಿಕ್ಕರೆ ಒಂದನ್ನು ತೂಗುಹಾಕಬಹುದು.

ಬಳ್ಳಿ ತರಕಾರಿ

ಹೀರೆ, ಹಾಗಲ, ಮೊಗೆಗಳು ಎರಡೆಲೆ ಬಿಟ್ಟಾಗ ಕೆಂಪು ಕಿತ್ತಳೆ ಬಣ್ಣದ ಕುಂಬಳದ ದುಂಬಿ ಬಂದು ಎಲೆಯನ್ನು ಜರಡಿ ಮಾಡುತ್ತದೆ. ಬೆಳಗಿನ ಇಬ್ಬನಿ ಇರುವಾಗಲೇ ಜರಡಿ ಹಿಡಿದ ಒಲೆಬೂದಿಯನ್ನು ಎಲೆಗೆ ಉದುರಿಸಿದರೆ ಅಂಟಿಕೊಂಡು ದುಂಬಿಯನ್ನು ದೂರವಿಡುತ್ತದೆ. ಚಳಿಗೆ ಜಡವಾಗಿರುವ ದುಂಬಿಯನ್ನು ಆ ಹೊತ್ತಿನಲ್ಲಿ ಕೈಯಿಂದ ಹಿಡಿಯುವುದೂ ಸುಲಭ. ನಾಲ್ಕೈದು ಎಲೆ ಬಂದ ಮೇಲೆ ಬಳ್ಳಿ ತಾನೇ ತಡೆದುಕೊಳ್ಳುತ್ತದೆ.

ಕಾಯಿ ಹಿಡಿದ ಮೇಲೆ ಬರುವುದು ಹಣ್ಣುನೊಣ. ಹೆಣ್ಣು ನೊಣ ಮಿಡಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮಿಡಿ ಸೊಟ್ಟಗಾಗಿ ಕೊಳೆತು ಬೀಳುತ್ತದೆ. ಹುಳು ಮಣ್ಣಿಗೆ ಇಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಈ ಚಕ್ರವನ್ನು ಮುರಿಯುವ ಜಾಗ ಒಂದೇ: ಬಿದ್ದ ಕಾಯಿ. ದಿನವೂ ಅದನ್ನು ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಬೇಕು ಅಥವಾ ಎರಡಡಿ ಆಳದಲ್ಲಿ ಹೂಳಬೇಕು. ಗೊಬ್ಬರ ಗುಂಡಿಗೆ ಎಸೆದರೆ ನೊಣವನ್ನು ಸಾಕಿದಂತೆ. ಮಿಡಿ ಬೆರಳಷ್ಟಿರುವಾಗಲೇ ಕಾಗದದ ಚೀಲ ತೊಡಿಸುವುದು ನೂರಕ್ಕೆ ನೂರು ಫಲ ಕೊಡುವ ಉಪಾಯ. ಕ್ಯೂಲ್ಯೂರ್ ಬಲೆಯೂ ಒಳ್ಳೆಯದೇ. ಆದರೆ ಅದು ಹಿಡಿಯುವುದು ಗಂಡು ನೊಣವನ್ನು ಮಾತ್ರ. ಬಲೆ ತುಂಬಿತೆಂದು ಬಿದ್ದ ಕಾಯಿ ಆರಿಸುವುದನ್ನು ನಿಲ್ಲಿಸಕೂಡದು.

ಮೆಣಸಿನ ಮುಟುರು, ಅಲಸಂದೆಯ ಹೇನು

ಮೆಣಸಿನ ಎಲೆ ಮುದುಡುವುದಕ್ಕೆ ಬ್ಯಾಡಗಿ ಮೆಣಸಿನ ಸೀಮೆಯಲ್ಲಿ ಮುರ್ಡಾ ಎಂದು ಹೆಸರು. ಇದರಲ್ಲಿ ಎರಡು ಬಗೆ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಬಾಗಿದರೆ ಥ್ರಿಪ್ಸ್. ಕೆಳಕ್ಕೆ ಬಾಗಿ, ತೊಟ್ಟು ಉದ್ದವಾದರೆ ಮೈಟ್. ಈ ವ್ಯತ್ಯಾಸ ತಿಳಿಯುವುದು ಅತ್ಯಗತ್ಯ. ಮೈಟ್ ಕೀಟವಲ್ಲ, ಜೇಡದ ಬಳಗದ್ದು. ಸಾಮಾನ್ಯ ಕೀಟನಾಶಕಕ್ಕೆ ಅದು ಸಾಯುವುದಿಲ್ಲ, ಬದಲಿಗೆ ಅದನ್ನು ತಿನ್ನುವ ಜೀವಿಗಳು ಸತ್ತು ಮೈಟ್ ಇಮ್ಮಡಿಸುತ್ತದೆ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಬಿಸಿಲಿಲ್ಲದ ಹೊತ್ತು. ಇದನ್ನು ಸೌತೆ ಜಾತಿಯ ಬಳ್ಳಿಗೆ ತಾಗಿಸಬೇಡಿ, ಎಲೆ ಸುಟ್ಟೀತು. ಥ್ರಿಪ್ಸ್‌ಗೆ ಬೇವಿನ ಕಷಾಯ ಮತ್ತು ನೀಲಿ ಅಂಟುಹಾಳೆ. 2015ರಲ್ಲಿ ಬೆಂಗಳೂರಿನಲ್ಲಿ ಪಪ್ಪಾಯದ ಮೇಲೆ ಪತ್ತೆಯಾದ ಹೊರನಾಡಿನ ಕಪ್ಪು ಥ್ರಿಪ್ಸ್ 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಮಾಡಿತು. ಇದು ಹೂವಿನೊಳಗೆ ಇರುತ್ತದೆ. ಬಿಳಿಯ ಹಾಳೆಯ ಮೇಲೆ ಹೂವನ್ನು ಕೊಡವಿದರೆ ಕಪ್ಪು ಚುಕ್ಕಿಗಳು ಓಡಾಡುವುದು ಕಾಣುತ್ತದೆ.

ಅಲಸಂದೆಯ ಕುಡಿಗೆ ಕರಿಹೇನು ಮುತ್ತಿದಾಗ ಗಾಬರಿಗೊಳ್ಳುವ ಮೊದಲು ಅಲ್ಲಿ ಗುಲಗಂಜಿಹುಳು ಇದೆಯೇ ನೋಡಿ. ಕೆಂಪು ಬೆನ್ನಿನ ಆ ದುಂಬಿಯೂ, ಮೊಸಳೆಯಾಕಾರದ ಅದರ ಮರಿಯೂ ಹೇನನ್ನು ತಿಂದು ಬದುಕುವವು. ಇದರ ಬಂಧುವೊಂದನ್ನು ಕಾಫಿ ಬೆಳೆಗಾರರು ಬಲ್ಲರು. ಕಾಫಿಯ ಹಸಿರು ತಿಗಣೆಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ ಕ್ರಿಪ್ಟೊಲೀಮಸ್ ದುಂಬಿ ಇಲ್ಲಿ ನೆಲೆನಿಂತು ಹಿಟ್ಟುತಿಗಣೆಯ ಶತ್ರುವಾಗಿ ಇಂದಿಗೂ ದುಡಿಯುತ್ತಿದೆ. ಹೇನಿನ ಕುಡಿಯನ್ನು ಚಿವುಟಿ, ಉಳಿದದ್ದಕ್ಕೆ ನೀರಿನ ರಭಸದ ಪೆಟ್ಟು ಕೊಟ್ಟು, ಇರುವೆ ಹತ್ತದಂತೆ ನೋಡಿಕೊಂಡರೆ ಮಿಕ್ಕ ಕೆಲಸವನ್ನು ಗುಲಗಂಜಿಹುಳು ಮಾಡುತ್ತದೆ. ಬೆಂಡೆಯ ಎಲೆನರ ಹಳದಿಯಾದರೆ ಅದು ಬಿಳಿನೊಣ ಹೊತ್ತುತಂದ ನಂಜುರೋಗ. ಆ ಗಿಡವನ್ನು ಒಡನೆಯೇ ಕೀಳುವುದು ಉಳಿದವುಗಳಿಗೆ ಕ್ಷೇಮ.

ಬೇವಿನ ಬೀಜದ ಕಷಾಯ

ಮಲೆನಾಡಿನ ಮಳೆಗೆ ಬೇವು ಚೆನ್ನಾಗಿ ಫಲ ಕೊಡುವುದಿಲ್ಲ. ಗದಗ, ಕೊಪ್ಪಳದ ಒಣಸೀಮೆಯಲ್ಲಿ ಬದು, ರಸ್ತೆ, ಗುಡಿಯಂಗಳಗಳಲ್ಲೆಲ್ಲ ಬೇವಿದೆ. ಬೇಸಿಗೆಯ ಕೊನೆಗೆ ಹಣ್ಣು ಉದುರುತ್ತದೆ. ನೆರಳಲ್ಲಿ ಒಣಗಿಸಿದ ಬೀಜ ಮೂರರಿಂದ ಎಂಟು ತಿಂಗಳೊಳಗೆ ಉತ್ತಮ. ಆಮೇಲೆ ಸತ್ವ ಇಳಿಯುತ್ತದೆ. ಅಂದರೆ ಅಲ್ಲಿ ಮಳೆಗಾಲದ ಮೊದಲಿಗೆ ಆರಿಸಿದ ಬೀಜ ನಮ್ಮ ಹಿತ್ತಲ ಕಾಲಕ್ಕೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಆ ಕಡೆ ಹೋಗಿಬರುವವರಿದ್ದರೆ ಐದು ಕಿಲೋ ತರಿಸಿಟ್ಟುಕೊಳ್ಳುವುದು ಜಾಣತನ. ಕಪ್ಪು ಬಣ್ಣಕ್ಕೆ ತಿರುಗಿದ, ಬೂಷ್ಟು ಹಿಡಿದ ಬೀಜ ಬೇಡ.

ಮಾಡುವ ಕ್ರಮ: ಸಿಪ್ಪೆ ತೆಗೆದ 500 ಗ್ರಾಂ ತಿರುಳನ್ನು ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟುಕಟ್ಟಿ, ಒಂದೆರಡು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಗ್ಗೆ ಗಂಟನ್ನು ಹಿಂಡಿ ಹಿಂಡಿ ಹಾಲಿನಂಥ ರಸ ತೆಗೆಯಿರಿ. ಸೋಸಿ, ಒಟ್ಟು 10 ಲೀಟರ್ ಆಗುವಂತೆ ನೀರು ಕೂಡಿಸಿ, ಸುಮಾರು 10 ಗ್ರಾಂ ಸಾಬೂನು ಪುಡಿಯನ್ನು ಕಲಸಿ ಹಾಕಿ. ಇದು ಶೇ. 5ರ ಕಷಾಯ. ಮಾಡಿದ ದಿನವೇ, ಸಂಜೆಯ ಹೊತ್ತು, ಎಲೆಯ ಅಡಿಭಾಗಕ್ಕೆ ತಾಗುವಂತೆ ಹೊಡೆಯಬೇಕು. ಬಿಸಿಲಿಗೆ ಇದರ ಸತ್ವ ಕೆಡುತ್ತದೆ. ಬೇವು ಹುಳುವನ್ನು ಒಡನೆಯೇ ಕೊಲ್ಲುವುದಿಲ್ಲ. ಎಲೆಯನ್ನು ರುಚಿಗೆಡಿಸುತ್ತದೆ, ಮರಿಹುಳು ಪೊರೆ ಕಳಚದಂತೆ ತಡೆಯುತ್ತದೆ. ಆದ್ದರಿಂದ ಮರುದಿನ ಹುಳು ಜೀವಂತವಿದೆಯೆಂದು ನಿರಾಶರಾಗದೆ ನಾಲ್ಕು ದಿನ ಕಾಯಿರಿ. ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಹೊಡೆಯಿರಿ. ಬೀಜ ಸಿಗದವರಿಗೆ ಹೆಸರಘಟ್ಟದ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳುಂಟು. ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರಬೇಡಿ.

ನಾಟಿ ಔಷಧಿಯೆಲ್ಲ ನಿರಪಾಯವೆಂದು ತಿಳಿಯಕೂಡದು. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಮನುಷ್ಯರಿಗೂ ಕಡು ವಿಷ. ಅದಲ್ಲದೆ ಅದು ಟೊಮೆಟೊ, ಮೆಣಸಿಗೆ ನಂಜುರೋಗವನ್ನು ಅಂಟಿಸಬಹುದು.

ಔಷಧಿ ಅನಿವಾರ್ಯವಾದರೆ

ಇಷ್ಟೆಲ್ಲ ಮಾಡಿದ ಮೇಲೂ ಕೆಲವೊಮ್ಮೆ ರಾಸಾಯನಿಕ ಬೇಕಾಗಬಹುದು. ಆಗ ಮೂರು ಮಾತು ನೆನಪಿಡಿ.

ಒಂದು, ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಕಡಿಮೆ. ಕೆಂಪು, ಹಳದಿಗಳಿಗೆ ಹಿತ್ತಲಲ್ಲಿ ಜಾಗವಿಲ್ಲ. ಎರಡು, ಡಬ್ಬಿಯ ಚೀಟಿಯಲ್ಲಿ ಆ ತರಕಾರಿಯ ಹೆಸರಿರಬೇಕು. ಹೊಡೆದ ಮೇಲೆ ಕೊಯ್ಯಲು ಎಷ್ಟು ದಿನ ಕಾಯಬೇಕೆಂಬುದೂ ಇರುತ್ತದೆ. ಅಷ್ಟು ದಿನ ಕಾಯಲಾಗದಿದ್ದರೆ ಹೊಡೆಯಕೂಡದು. ಮೂರು, ಕಾಫಿಗೆ, ಬಾಳೆಗೆಂದು ತಂದು ಉಳಿದದ್ದನ್ನು ತರಕಾರಿಗೆ ತಿರುಗಿಸಕೂಡದು.

ಇದು ಅತಿ ಎಚ್ಚರಿಕೆಯ ಮಾತಲ್ಲ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. ಆದರೂ ಅದು ಮನೆಗಳ ಅಟ್ಟ, ಕೊಟ್ಟಿಗೆಗಳಲ್ಲಿ ಉಳಿದೇ ಇತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಎಣ್ಣೆಯಲ್ಲಿ ಈ ವಿಷ ಸೇರಿ 23 ಮಕ್ಕಳು ತೀರಿಕೊಂಡರು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಮನೆಗಳೂ ಇತ್ತ ದಕ್ಷಿಣ ಕನ್ನಡದ ಕೊಕ್ಕಡದ ಮನೆಗಳೂ ಕಂಡ ಸಂಕಟ ನಮಗೆಲ್ಲ ತಿಳಿದದ್ದೇ. ಕಾಯಿಕೊರಕಕ್ಕೆಂದು ನಮ್ಮ ಕಾಫಿ ತೋಟಗಳಲ್ಲೂ ಬಳಕೆಯಲ್ಲಿದ್ದ ಔಷಧಿಯದು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಅಟ್ಟದ ಮೇಲೆ ಹೆಸರು ಅಳಿಸಿಹೋದ ಹಳೆಯ ಬಾಟಲಿಗಳಿದ್ದರೆ ಅವುಗಳನ್ನು ಬಳಸಲೂ ಬೇಡಿ, ತೋಡಿಗೆ ಸುರಿಯಲೂ ಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಟ್ಟು ಕೃಷಿ ಇಲಾಖೆಯವರನ್ನು ವಿಚಾರಿಸಿ. ಖಾಲಿ ಡಬ್ಬಿಯನ್ನು ತೂತು ಮಾಡದೆ ಹೊರಗೆಸೆಯಕೂಡದು, ಎಣ್ಣೆ, ಸೀಮೆಎಣ್ಣೆ ತುಂಬಲಂತೂ ಕೂಡದು.

ತಿಂಗಳವಾರು ಸೂಚನೆ

ಆಶ್ವಯುಜ: ಮಡಿ ಅಗೆದು ನಾಲ್ಕು ದಿನ ಬಿಸಿಲಿಗೆ ಬಿಡಿ, ಒಳಗಿನ ಕೋಶಗಳನ್ನು ಕೋಳಿ, ಹಕ್ಕಿಗಳು ಹೆಕ್ಕಲಿ. ಸಾಸಿವೆ, ಚೆಂಡುಹೂ ಮೊದಲು ಬಿತ್ತಿ.

ಕಾರ್ತಿಕ: ಹಾಳೆಯ ಬಳೆ, ಗೋಣಿಚೀಲ, ಬೂದಿ. ವಾರಕ್ಕೆರಡು ಸಲ ನೋಟ.

ಮಾರ್ಗಶಿರ: ಬದನೆಯ ಕುಡಿ ಕತ್ತರಿಸಿ. ಕೋಸಿಗೆ ಬೇವು. ಮಿಡಿಗೆ ಚೀಲ.

ಪುಷ್ಯ, ಮಾಘ: ಮೆಣಸಿನ ಮುಟುರು, ಬೆಂಡೆಯ ಬಿಳಿನೊಣ ನೋಡಿ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಬಿದ್ದ ಕಾಯಿ ಆರಿಸುವುದನ್ನು ಮರೆಯಬೇಡಿ.

ಫಾಲ್ಗುಣ: ಮುಗಿದ ಗಿಡಗಳನ್ನು ನಿಲ್ಲಗೊಡದೆ ಕಿತ್ತು ಸುಡಿ. ಮುಂದಿನ ವರ್ಷದ ಹುಳು ಉಳಿಯುವುದು ಅಲ್ಲೇ.

ಈ ಕೆಲಸಗಳಲ್ಲಿ ಯಾವುದಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು, ಹೆಚ್ಚಿನವಕ್ಕೆ ಕಾಸೂ ಬೇಡ. ಗುರುತು ಸಿಗದ ಹುಳು ಕಂಡರೆ ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ, ಅದು ತಿಂದ ಎಲೆಯೊಂದಿಗೆ, ಸಂಘದ ಕಚೇರಿಗೆ ತನ್ನಿ. ಯಾವ ಹುಳುವೆಂದು ಮೊದಲು ತಿಳಿಯೋಣ. ಔಷಧಿಯ ಮಾತು ಆಮೇಲೆ.

— ಕಾರ್ಯದರ್ಶಿ